ಮೃದುಶಿಲೆಯ ಮಂದವಿರೂಪಣ: ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆ

ಮೃದುಶಿಲೆಯ ಮಂದವಿರೂಪಣವೆಂದರೆ, ಆ ಕ್ಷಣದಲ್ಲಿಯೇ ಮುರಿಯುವಷ್ಟು ದೊಡ್ಡದಲ್ಲದಿದ್ದರೂ ಎಡೆಬಿಡದೆ ಇರುವ ಭಾರಕ್ಕೆ ಒಳಗಾದ ಮೆತ್ತನೆಯ ಕಲ್ಲು, ದಿನ, ವರ್ಷ, ಶತಮಾನಗಳು ಕಳೆದಂತೆ ತನ್ನ ಆಕಾರವನ್ನು ಮೆಲ್ಲಮೆಲ್ಲನೆ ಕಳೆದುಕೊಳ್ಳುತ್ತ ಹೋಗುವ ಕ್ರಿಯೆ. ಎಂಜಿನಿಯರರು ಕ್ರೀಪ್ ಎಂದು ಕರೆಯುವ ಈ ಕ್ರಿಯೆ ಒಣಗಿದ ಕಲ್ಲಿನಲ್ಲಿ ಒಂದು ರೀತಿಯಾಗಿಯೂ ನೆನೆದ ಕಲ್ಲಿನಲ್ಲಿ ಬೇರೊಂದು ರೀತಿಯಾಗಿಯೂ ನಡೆಯುವುದರಿಂದ, ಭಾರ ಮತ್ತು ಕಾಲಗಳ ಜೊತೆಗೆ ನೀರನ್ನೂ ಇದರ ಮೂರನೆಯ ಕಾರಣವಾಗಿ ಎಣಿಸುವುದು ಅವಶ್ಯ. ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ಮೃದುಶಿಲೆಯೆಂಬುದು ಇತ್ತೀಚಿನ ಕೆಸರು ಗಟ್ಟಿಯಾಗಿ ಆದದ್ದಲ್ಲ. ಭೂಮಿಯ ಅತಿ ಪುರಾತನವೂ ಅತಿ ಕಠಿನವೂ ಆದ ಶಿಲೆಗಳೇ ಗಾಳಿ, ಮಳೆ, ಬಿಸಿಲುಗಳಿಗೆ ಸಿಕ್ಕಿ ಸಡಿಲವಾಗಿ ಆದದ್ದು. ಈ ವಿಷಯದ ಅಧ್ಯಯನಕ್ಕೆ ಈ ಸೀಮೆಯನ್ನು ವಿಶೇಷವಾಗಿ ಆರಿಸಿಕೊಳ್ಳಲು ಅದೇ ಕಾರಣ.

ಪರಿಭಾಷೆ

ಒಂದು ಚದರಮಾನದ ಮೇಲೆ ಬೀಳುವ ಬಲಕ್ಕೆ ಪೀಡನವೆಂದೂ, ಅದರಿಂದ ವಸ್ತುವಿನ ಮೂಲ ಅಳತೆಗೆ ಹೋಲಿಸಿದಂತೆ ಆಗುವ ಬದಲಾವಣೆಗೆ ವಿಕೃತಿಯೆಂದೂ ಹೆಸರು. ಪೀಡನವನ್ನು ಮೆಗಾಪ್ಯಾಸ್ಕಲುಗಳಲ್ಲಿ ಅಳೆಯುವುದು ವಾಡಿಕೆ. ಒಂದು ಚದರ ಸೆಂಟಿಮೀಟರಿನ ಮೇಲೆ ಹತ್ತು ಕಿಲೋಗ್ರಾಮಿನಷ್ಟು ಭಾರವಿಟ್ಟರೆ ಆಗುವ ಪೀಡನ ಸುಮಾರು 1 ಮೆಗಾಪ್ಯಾಸ್ಕಲ್. ಅಡ್ಡಲಾಗಿ ಯಾವ ಆಧಾರವೂ ಇಲ್ಲದೆ ಮೇಲಿನಿಂದ ಮಾತ್ರ ಅದುಮಿದಾಗ 25 ಮೆಗಾಪ್ಯಾಸ್ಕಲಿಗೆ ಮೀರದ ಪೀಡನದಲ್ಲಿಯೇ ಮುರಿಯುವ ಕಲ್ಲನ್ನು ಶಿಲಾಬಲವಿಜ್ಞಾನದಲ್ಲಿ ಮೃದುಶಿಲೆಯೆಂದು ಕರೆಯುತ್ತಾರೆ. ಈ ಬಲ ಅರ್ಧ ಮೆಗಾಪ್ಯಾಸ್ಕಲಿನ ಆಸುಪಾಸಿಗೆ ಇಳಿದಾಗ ಶಿಲೆಯ ಎಲ್ಲೆ ಮುಗಿದು ಮಣ್ಣಿನ ಎಲ್ಲೆ ಮೊದಲಾಗುವುದಾದರೂ ಆ ಗಡಿ ಖಚಿತವಾದದ್ದಲ್ಲ. ಸ್ಥಳದಲ್ಲಿಯೇ ಪರೀಕ್ಷಿಸುವವರಿಗೆ ಸರಳವಾದ ಒಂದು ಕ್ರಮವುಂಟು: 5ರಿಂದ 25 ಮೆಗಾಪ್ಯಾಸ್ಕಲ್ ಬಲದ ಕಲ್ಲನ್ನು ಚಾಕುವಿನಿಂದ ಕಷ್ಟಪಟ್ಟು ಕೆರೆಯಬಹುದು, 1ರಿಂದ 5ರವರೆಗಿನದು ಸುತ್ತಿಗೆಯ ಮೊನೆಯಿಂದ ಬಲವಾಗಿ ಹೊಡೆದರೆ ಪುಡಿಯಾಗುತ್ತದೆ, ಅದಕ್ಕೂ ಕಡಿಮೆಯಾದದ್ದು ಹೆಬ್ಬೆರಳಿನ ಉಗುರಿಗೂ ಗುರುತು ಕೊಡುತ್ತದೆ.

ಪ್ರದೇಶ ಮತ್ತು ಮೂಲಶಿಲೆಗಳು

ಈ ಮೂರು ತಾಲ್ಲೂಕುಗಳ ಪಶ್ಚಿಮದಂಚಿನಲ್ಲಿ ಸುವರ್ಣಾವತಿ ನದಿಯ ಬಯಲೂ, ಉತ್ತರದಲ್ಲಿ ಕಾವೇರಿಯೂ, ನಡುವೆ ಬಿಳಿಗಿರಿರಂಗನ ಬೆಟ್ಟಗಳ ಉದ್ದನೆಯ ಸಾಲೂ, ಪೂರ್ವಕ್ಕೆ ಮಲೆ ಮಹದೇಶ್ವರ ಬೆಟ್ಟದ ಮಲೆಗಳೂ ಇವೆ. ಯಳಂದೂರು ಮೈಸೂರು ಸಂಸ್ಥಾನದೊಳಗೆ ಇದ್ದುದರಿಂದ 1894ರಲ್ಲಿ ಸ್ಥಾಪಿತವಾದ ಆ ಸಂಸ್ಥಾನದ ಭೂವಿಜ್ಞಾನ ಇಲಾಖೆಯ ವ್ಯಾಪ್ತಿಗೆ ಸೇರಿದ್ದರೆ, ಹನೂರನ್ನೂ ಒಳಗೊಂಡಿದ್ದ ಅಂದಿನ ಕೊಳ್ಳೇಗಾಲ ತಾಲ್ಲೂಕು 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹೀಗಾಗಿ ಒಂದೇ ಬೆಟ್ಟದ ಎರಡು ಮಗ್ಗುಲುಗಳು ಬಹುಕಾಲ ಎರಡು ಆಡಳಿತಗಳಿಗೆ ಹಂಚಿಹೋಗಿದ್ದವು.

ಬಯಲಿನ ತಳಹದಿ ಮುಖ್ಯವಾಗಿ ನೈಸ್ ಎಂಬ ಪಟ್ಟೆಪಟ್ಟೆಯಾದ ರೂಪಾಂತರಶಿಲೆ. ಬಿಳಿಗಿರಿಯ ಸಾಲು ಬಹುಮಟ್ಟಿಗೆ ಚಾರ್ನಕೈಟ್ ಶಿಲೆಯಿಂದ ಆದದ್ದು; ಮದರಾಸಿನ ಬಳಿಯ ಸಂತ ಥಾಮಸರ ಬೆಟ್ಟದ ಕಲ್ಲನ್ನು ಪರಿಶೀಲಿಸಿದ ಥಾಮಸ್ ಹಾಲೆಂಡ್, ಕಲ್ಕತ್ತೆಯಲ್ಲಿರುವ ಜಾಬ್ ಚಾರ್ನಕ್‌ನ ಸಮಾಧಿ ಇದೇ ಕಲ್ಲಿನಿಂದ ಆಗಿರುವುದನ್ನು ಗಮನಿಸಿ ಇದಕ್ಕೆ ಈ ಹೆಸರನ್ನಿಟ್ಟು, 1900ರಲ್ಲಿ ಇದರ ವಿಸ್ತಾರವಾದ ವಿವರಣೆಯನ್ನು ಪ್ರಕಟಿಸಿದನು. ಸುಮಾರು 250 ಕೋಟಿ ವರ್ಷಗಳ ಹಿಂದೆ, ಭೂಗರ್ಭದಲ್ಲಿ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ, ಏಳೆಂಟುನೂರು ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಈ ಶಿಲೆಗಳು ಇಂದಿನ ರೂಪವನ್ನು ಪಡೆದವು. ಬೆಟ್ಟಸಾಲಿನ ಪಶ್ಚಿಮಕ್ಕೆ, ಒಂದು ಶಿಲಾಭಾಗ ಇನ್ನೊಂದಕ್ಕೆ ಉಜ್ಜಿಕೊಂಡು ಸರಿದುದರಿಂದ ಕಲ್ಲಿನ ಕಣಗಳು ಅರೆದು ಸಣ್ಣಗಾಗಿರುವ ವಲಯವೊಂದಿದೆ. ಭೂವಿಜ್ಞಾನಿಗಳು ಇದನ್ನು ಕೊಳ್ಳೇಗಾಲ ಕತ್ತರಿವಲಯವೆಂದು ಕರೆಯುತ್ತಾರೆ. ಇವೆಲ್ಲವನ್ನೂ ಭೇದಿಸಿಕೊಂಡು ಡಾಲರೈಟ್ ಎಂಬ ಕಪ್ಪು ಅಗ್ನಿಶಿಲೆ ಗೋಡೆಗಳಂತೆ ಹಬ್ಬಿದೆ. ಕರಿಕಲ್ಲು ಎಂಬ ಹೆಸರಿನಲ್ಲಿ ಕ್ವಾರಿಗಳಿಂದ ದೇಶವಿದೇಶಗಳಿಗೆ ಹೋಗುವುದು ಇದೇ.

ತಾಜಾ ಚಾರ್ನಕೈಟಿನ ಬಲ ಸಾಮಾನ್ಯವಾಗಿ 100 ಮೆಗಾಪ್ಯಾಸ್ಕಲಿಗೂ ಮೀರಿದ್ದು. ಭೂಮಿಯ ಮೇಲ್ಭಾಗದ ಉಷ್ಣ ಮತ್ತು ಭಾರಗಳಲ್ಲಿ, ಮನುಷ್ಯನ ಲೆಕ್ಕಕ್ಕೆ ಸಿಗುವ ಕಾಲಾವಧಿಯಲ್ಲಿ, ಅದು ಮಂದವಾಗಿ ವಿರೂಪಗೊಳ್ಳುವುದು ಅಲಕ್ಷ್ಯ ಮಾಡಬಹುದಾದಷ್ಟು ಕಡಿಮೆ. ಆದುದರಿಂದ ರಂಗನಾಥನ ದೇಗುಲವನ್ನು ಹೊತ್ತ ಬಿಳಿಯ ಬಂಡೆಯಾಗಲಿ, ಭರಚುಕ್ಕಿಯಲ್ಲಿ ಕಾವೇರಿ ಧುಮ್ಮಿಕ್ಕುವ ಕೊರಕಲಿನ ಗಟ್ಟಿ ಬಂಡೆಯಾಗಲಿ ಈ ಲೇಖನದ ವಿಷಯವಲ್ಲ. ಅಂತಹ ಬಂಡೆಗಳ ಮೇಲೂ ಪಕ್ಕದಲ್ಲಿಯೂ ಹೊದ್ದುಕೊಂಡಿರುವ ಶಿಥಿಲಶಿಲೆಯೇ ವಿಷಯ.

ಮೃದುತ್ವದ ಉತ್ಪತ್ತಿ

ಮೇಲಿದ್ದ ಅಪಾರವಾದ ಶಿಲಾರಾಶಿ ಯುಗಾಂತರಗಳಲ್ಲಿ ಸವೆದುಹೋಗಿ ಭಾರ ಕಡಿಮೆಯಾದಾಗ ಕೆಳಗಿನ ಬಂಡೆ ಹಿಗ್ಗಿ ಬಿರುಕುಗಳನ್ನು ಪಡೆಯುತ್ತದೆ. ಗಾಳಿಯಿಂದಲೂ ಬೇರುಗಳಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸ್ವಲ್ಪ ಆಮ್ಲೀಯವಾದ ಮಳೆನೀರು ಆ ಬಿರುಕುಗಳ ದಾರಿಯಲ್ಲಿ ಒಳಕ್ಕಿಳಿದು ಖನಿಜಗಳನ್ನು ಒಂದೊಂದಾಗಿ ಬದಲಿಸುತ್ತದೆ. ಫೆಲ್ಡ್‌ಸ್ಪಾರ್ ಎಂಬ ಖನಿಜ ತನ್ನಲ್ಲಿರುವ ಪೊಟ್ಯಾಸಿಯಂ, ಸೋಡಿಯಂ, ಕ್ಯಾಲ್ಸಿಯಂಗಳನ್ನು ನೀರಿಗೆ ಬಿಟ್ಟುಕೊಟ್ಟು ಕೆಯೊಲಿನ್ ಎಂಬ ಬಿಳಿಯ ಜೇಡಿಯಾಗುತ್ತದೆ. ಕಪ್ಪು ಕಾಗೆಬಂಗಾರ ನೀರನ್ನು ಹೀರಿ ತನ್ನ ಹಾಳೆಗಳ ನಡುವೆ ಉಬ್ಬಿ, ಸುತ್ತಲಿನ ಕಣಗಳನ್ನು ಒತ್ತರಿಸಿ ಸೂಕ್ಷ್ಮವಾದ ಸೀಳುಗಳನ್ನು ಮಾಡುತ್ತದೆ. ಚಾರ್ನಕೈಟಿನಲ್ಲಿರುವ ಹೈಪರ್ಸ್ತೀನ್, ಡಾಲರೈಟಿನಲ್ಲಿರುವ ಪೈರಾಕ್ಸೀನ್ ಮುಂತಾದ ಕಬ್ಬಿಣಯುಕ್ತ ಖನಿಜಗಳು ಕೊಳೆತು, ಕೆಲವೆಡೆ ನೀರಿನಲ್ಲಿ ಉಬ್ಬುವ ಸ್ಮೆಕ್ಟೈಟ್ ಜೇಡಿಯನ್ನೂ, ಎಲ್ಲೆಡೆ ಕೆಂಪು ಮತ್ತು ಹಳದಿ ಬಣ್ಣದ ಕಬ್ಬಿಣದ ಆಕ್ಸೈಡುಗಳನ್ನೂ ಉಳಿಸುತ್ತವೆ. ಬೆಣಚುಕಲ್ಲಿನ ಹರಳು ಮಾತ್ರ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ.

ಈ ಪರಿವರ್ತನೆಯಲ್ಲಿ ಗಮನಾರ್ಹವಾದ ಸಂಗತಿಯೆಂದರೆ, ಕಲ್ಲು ತನ್ನ ತೂಕವನ್ನು ಕಳೆದುಕೊಂಡರೂ ಗಾತ್ರವನ್ನು ಬಹಳವಾಗಿ ಕಳೆದುಕೊಳ್ಳದಿರುವುದು. ಘನಸೆಂಟಿಮೀಟರಿಗೆ ಸುಮಾರು 2.7 ಗ್ರಾಂ ತೂಗುತ್ತಿದ್ದ ಶಿಲೆ ಪೂರ್ಣ ಶಿಥಿಲವಾದಾಗ 2 ಗ್ರಾಮಿಗೂ ಕಡಿಮೆ ತೂಗುವುದುಂಟು. ಆದರೆ ನೈಸಿನ ಪಟ್ಟೆಗಳೂ ಬೆಣಚಿನ ಎಳೆಗಳೂ ಹಿಂದೆ ಇದ್ದಲ್ಲಿಯೇ ಇದ್ದಂತೆ ಕಾಣುತ್ತವೆ. ಕಣ್ಣಿಗೆ ಕಲ್ಲಾಗಿಯೇ ತೋರುವ ಈ ವಸ್ತುವಿನಲ್ಲಿ ಕರಗಿಹೋದ ಭಾಗದ ಸ್ಥಳವೆಲ್ಲ ರಂಧ್ರ. ಒಣಗಿದಾಗ ಗಾಳಿಯನ್ನೂ ಮಳೆಗಾಲದಲ್ಲಿ ನೀರನ್ನೂ ತುಂಬಿಕೊಳ್ಳುವ ಈ ರಂಧ್ರಗಳಲ್ಲಿಯೇ ಮುಂದೆ ಹೇಳುವ ಎಲ್ಲ ವ್ಯತ್ಯಾಸಗಳ ಮೂಲವಿದೆ.

ರಚನೆ

ಮೇಲಿನಿಂದ ಕೆಳಕ್ಕೆ ನೋಡಿದರೆ ಮೊದಲು ಕೆಂಪುಮಣ್ಣು ಅಥವಾ ತಗ್ಗುಪ್ರದೇಶಗಳಲ್ಲಿ ಎರೆಮಣ್ಣು, ಅದರಡಿ ಗರಸು, ಅದರ ಕೆಳಗೆ ಪಟ್ಟೆಗಳನ್ನು ಉಳಿಸಿಕೊಂಡಿರುವ ಶಿಥಿಲಶಿಲೆ, ಅನಂತರ ಒಡಕು ಬಂಡೆ, ಕಡೆಗೆ ಗಟ್ಟಿ ಬಂಡೆ ಎಂಬುದು ಸಾಮಾನ್ಯ ಕ್ರಮ. ತಾಜಾ ಶಿಲೆಯಿಂದ ಉಳಿಕೆಮಣ್ಣಿನವರೆಗೆ ಇದನ್ನು ಆರು ದರ್ಜೆಗಳಾಗಿ ವಿಂಗಡಿಸುವುದು ಅಂತಾರಾಷ್ಟ್ರೀಯ ಪದ್ಧತಿಯಾಗಿದ್ದು, ಮೂರನೆಯ ದರ್ಜೆಯ ಕೊನೆಯ ಭಾಗದಿಂದ ಐದನೆಯದರವರೆಗಿನ ಪದರಗಳು ಮೃದುಶಿಲೆಯ ವ್ಯಾಪ್ತಿಗೆ ಬರುತ್ತವೆ. ಇದರ ದಪ್ಪ ಒಂದೇ ಹೊಲದಲ್ಲಿಯೂ ಒಂದೇ ಸಮನಾಗಿರುವುದಿಲ್ಲ. ಕೆಲವು ಮೀಟರುಗಳಿಂದ ಇಪ್ಪತ್ತು ಮೀಟರಿನ ಆಸುಪಾಸಿನವರೆಗೆ ಬಯಲಿನಲ್ಲಿ ಕಾಣಬರುತ್ತದೆ. ಬೋರ್‌ವೆಲ್ ಕೊರೆಯುವವರು ಗಟ್ಟಿ ಬಂಡೆ ಸಿಕ್ಕುವವರೆಗೆ ಕೇಸಿಂಗ್ ಪೈಪನ್ನು ಇಳಿಸುವುದು ಈ ಪದರ ಕುಸಿದು ಬಾವಿಯನ್ನು ಮುಚ್ಚಬಾರದೆಂಬ ಕಾರಣಕ್ಕೆ. ಎಷ್ಟು ಅಡಿ ಕೇಸಿಂಗ್ ಇಳಿಯಿತೆಂಬ ರೈತನ ಲೆಕ್ಕವೇ ಆ ಸ್ಥಳದ ಮೃದುಶಿಲೆಯ ದಪ್ಪಕ್ಕೆ ಅತ್ಯಂತ ಸುಲಭವಾದ ಸಾಕ್ಷ್ಯ.

ಡಾಲರೈಟ್ ಶಿಥಿಲವಾಗುವ ಬಗೆ ಬೇರೆ. ಬಿರುಕುಗಳ ಮೂಲೆಗಳಲ್ಲಿ ನೀರು ಮೂರು ಕಡೆಗಳಿಂದ ಆಕ್ರಮಿಸುವುದರಿಂದ ಮೂಲೆಗಳು ಬೇಗ ಕೊಳೆತು, ಈರುಳ್ಳಿಯ ಸಿಪ್ಪೆಯಂತೆ ಪದರಪದರವಾಗಿ ಸುಲಿದು, ನಡುವೆ ಕಬ್ಬಿಣದಷ್ಟು ಗಟ್ಟಿಯಾದ ಗುಂಡುಕಲ್ಲೂ ಸುತ್ತಲೂ ಕಂದುಬಣ್ಣದ ಪುಡಿಯೂ ಉಳಿಯುತ್ತವೆ. ಮೃದುವಾದ ಆವರಣದಲ್ಲಿ ಕಠಿನವಾದ ಗುಂಡುಗಳು ಹುದುಗಿರುವ ಇಂತಹ ಇಳಿಜಾರು, ಎಲ್ಲವೂ ಮೃದುವಾಗಿರುವ ಇಳಿಜಾರಿಗಿಂತ ಅಪಾಯಕರ. ಆವರಣ ಮಂದವಾಗಿ ಸರಿಯುತ್ತಿರುವಾಗ ಗುಂಡು ಮಾತ್ರ ಹಠಾತ್ತನೆ ಉರುಳುತ್ತದೆ.

ವಿರೂಪಣದ ಅವಸ್ಥೆಗಳು

ಸ್ಥಿರವಾದ ಭಾರವನ್ನು ಹೇರಿ ಕಾಲಕ್ಕೆ ಎದುರಾಗಿ ವಿಕೃತಿಯನ್ನು ಗುರುತಿಸುತ್ತ ಹೋದರೆ ದೊರೆಯುವ ರೇಖೆಯಲ್ಲಿ ಮೂರು ಭಾಗಗಳಿರುತ್ತವೆ. ಭಾರ ಹೇರಿದೊಡನೆ ಆಗುವ ಸ್ಥಿತಿಸ್ಥಾಪಕ ಕುಗ್ಗುವಿಕೆಯ ಬಳಿಕ, ವೇಗ ಕ್ರಮೇಣ ಇಳಿಯುತ್ತ ಹೋಗುವ ಪ್ರಥಮಾವಸ್ಥೆ. ವೇಗ ಹೆಚ್ಚು ಕಡಿಮೆ ಒಂದೇ ಸಮನಾಗಿರುವ ದ್ವಿತೀಯಾವಸ್ಥೆ. ವೇಗ ಏರುತ್ತ ಏರುತ್ತ ಭಂಗದಲ್ಲಿ ಕೊನೆಗಾಣುವ ತೃತೀಯಾವಸ್ಥೆ. ಭಾರ ಅಲ್ಪವಾಗಿದ್ದರೆ ಕ್ರಿಯೆ ಮೊದಲನೆಯ ಅವಸ್ಥೆಯಲ್ಲಿಯೇ ಅಡಗಿಹೋಗುವುದುಂಟು. ಎಷ್ಟು ಕಾಲ ಕಳೆದರೂ ತೃತೀಯಾವಸ್ಥೆಗೆ ತಲಪಿಸದ ಗರಿಷ್ಠ ಪೀಡನಕ್ಕೆ ದೀರ್ಘಕಾಲಿಕ ಬಲವೆಂದು ಹೆಸರು. ಪ್ರಯೋಗಶಾಲೆಯಲ್ಲಿ ಕೆಲವೇ ನಿಮಿಷಗಳಲ್ಲಿ ಮುರಿದು ಕಂಡುಕೊಂಡ ಬಲಕ್ಕಿಂತ ಇದು ಯಾವಾಗಲೂ ಕಡಿಮೆ.

ಲೋಹಗಳಲ್ಲಿ ಪ್ರಥಮಾವಸ್ಥೆಯ ವಿಕೃತಿ ಕಾಲದ ಘನಮೂಲಕ್ಕೆ ಅನುಗುಣವಾಗಿ ಬೆಳೆಯುವುದೆಂದು ಆಂಡ್ರೇಡ್ 1910ರಲ್ಲಿ ತೋರಿಸಿದನು. ಶಿಲೆಗಳ ವಿಷಯದಲ್ಲಿ ಡೇವಿಡ್ ಗ್ರಿಗ್ಸ್ 1939ರಲ್ಲಿ ಪ್ರಕಟಿಸಿದ ಪ್ರಬಂಧ ಈ ಶಾಸ್ತ್ರದ ಅಡಿಗಲ್ಲು: ವಿಕೃತಿಯ ಒಂದು ಭಾಗ ಕಾಲದ ಲಘುಗಣಕಕ್ಕೂ ಮತ್ತೊಂದು ಭಾಗ ಕಾಲಕ್ಕೇ ನೇರವಾಗಿಯೂ ಅನುಗುಣವೆಂಬುದು ಆತನ ಸೂತ್ರ. ಮರುವರ್ಷ ಆತ ಅಲಾಬಾಸ್ಟರ್ ಎಂಬ ಜಿಪ್ಸಂ ಶಿಲೆಯನ್ನು ಒಣದಾಗಿಯೂ ನೀರಿನಲ್ಲಿ ಮುಳುಗಿಸಿಯೂ ಅದುಮಿ ನೋಡಿ, ಒಣಶಿಲೆ ಬಹುಮಟ್ಟಿಗೆ ನಿಶ್ಚಲವಾಗಿ ನಿಂತ ಭಾರದಲ್ಲಿಯೇ ನೆನೆದ ಶಿಲೆ ಎಡೆಬಿಡದೆ ಕುಗ್ಗುತ್ತ ಹೋದುದನ್ನು ದಾಖಲಿಸಿದನು. ವಿರೂಪಣದ ವೇಗವನ್ನು ಅಳೆದು ಇಳಿಜಾರು ಕುಸಿಯುವ ಹೊತ್ತನ್ನು ಮುಂಚಿತವಾಗಿ ಹೇಳುವ ವಿಧಾನವನ್ನು ಜಪಾನಿನ ಸೈಟೋ 1965ರಲ್ಲಿ ಮಂಡಿಸಿದನು.

ಈ ನಡವಳಿಕೆಯನ್ನು ಗಣಿತಕ್ಕೆ ಒಳಪಡಿಸಲು, ಹಿಂದಿರುಗುವ ವಿಕೃತಿಗೆ ಸ್ಪ್ರಿಂಗನ್ನೂ ಹಿಂದಿರುಗದ ಹರಿವಿಗೆ ಸ್ನಿಗ್ಧದ್ರವದಲ್ಲಿ ಚಲಿಸುವ ಕೊಂತವನ್ನೂ ಕಲ್ಪಿಸಿ ಜೋಡಿಸುವುದು ರೂಢಿ. ಮ್ಯಾಕ್ಸ್‌ವೆಲ್, ಕೆಲ್ವಿನ್, ಇವೆರಡನ್ನೂ ಸೇರಿಸಿದ ಬರ್ಗರ್ಸ್ ಮಾದರಿಗಳು ಹೀಗೆ ಹುಟ್ಟಿದವು. ಮೊದಲ ಎರಡು ಅವಸ್ಥೆಗಳಿಗೆ ಇವು ಸಾಕಾಗುತ್ತವೆ. ತೃತೀಯಾವಸ್ಥೆಗೆ ಕಲ್ಲು ಒಳಗೊಳಗೇ ಹಾಳಾಗುತ್ತಿರುವುದನ್ನೂ ಲೆಕ್ಕಕ್ಕೆ ತರಬೇಕಾಗುವುದು.

ಒಣ ಸ್ಥಿತಿಯಲ್ಲಿ

ಡಿಸೆಂಬರಿನಿಂದ ಮಾರ್ಚಿಯವರೆಗೆ ಈ ಸೀಮೆಯ ಶಿಥಿಲಶಿಲೆ ಒಣಗಿರುತ್ತದೆ. ಪೂರ್ತಿ ಒಣಗದೆ ಕಣಗಳ ಸಂದುಗಳಲ್ಲಿ ಅಂಟಿಕೊಂಡು ಉಳಿಯುವ ಅಲ್ಪ ನೀರು ತನ್ನ ಮೇಲ್ಮೈ ಬಿಗಿತದಿಂದ ಕಣಗಳನ್ನು ಒಂದಕ್ಕೊಂದು ಸೆಳೆದು ಹಿಡಿಯುವುದರಿಂದ, ಒಣಕಲ್ಲಿಗೆ ಅದರ ಸಹಜವಾದ ಬಂಧಕ್ಕಿಂತ ಹೆಚ್ಚಿನ ಬಲ ಬಂದಿರುತ್ತದೆ. ರಸ್ತೆಗಾಗಿ ಕಡಿದ ಮಗ್ಗುಲುಗಳೂ ಕಲ್ಲು ಕಟ್ಟದ ತೆರೆದ ಬಾವಿಗಳ ಗೋಡೆಗಳೂ ಹಲವು ಮೀಟರುಗಳಷ್ಟು ನೆಟ್ಟಗೆ ನಿಲ್ಲುವುದು ಈ ಸೆಳೆತದಿಂದ.

ಒಣಶಿಲೆಯ ವಿರೂಪಣ ಬಹುಮಟ್ಟಿಗೆ ಪ್ರಥಮಾವಸ್ಥೆಯದು. ರಂಧ್ರಗಳ ಗೋಡೆಗಳು ಸ್ವಲ್ಪ ಬಾಗುತ್ತವೆ. ಸಡಿಲವಾದ ಕಣಗಳು ಹೊಂದಿಕೊಂಡು ಕೂರುತ್ತವೆ. ಸೂಕ್ಷ್ಮ ಬಿರುಕುಗಳು ಮುಚ್ಚಿಕೊಳ್ಳುತ್ತವೆ. ಅನಂತರ ಕ್ರಿಯೆ ನಿಂತುಹೋದಂತೆ ತೋರುತ್ತದೆ. ಮುರಿಯುವ ಪೀಡನಕ್ಕೆ ತೀರ ಸಮೀಪದಲ್ಲಿ ಮಾತ್ರ ದ್ವಿತೀಯ ಮತ್ತು ತೃತೀಯ ಅವಸ್ಥೆಗಳು ಕಾಣಿಸಿಕೊಳ್ಳುತ್ತವೆ. ಮುರಿಯುವಾಗಲೂ ಒಣಶಿಲೆ ಹೆಚ್ಚು ಕುಗ್ಗದೆ, ಮುನ್ಸೂಚನೆ ಕೊಡದೆ, ಬಿರುಕಿನ ಗುಂಟ ಚಕ್ಕೆಯಾಗಿ ಬೀಳುತ್ತದೆ.

ಆರ್ದ್ರ ಸ್ಥಿತಿಯಲ್ಲಿ

ಒಣಗಿದ ಶಿಥಿಲ ನೈಸಿನ ಮುಷ್ಟಿಯಷ್ಟು ದೊಡ್ಡ ತುಂಡೊಂದನ್ನು ಬಟ್ಟಲಿನ ನೀರಿನಲ್ಲಿ ನಿಧಾನವಾಗಿ ಇಳಿಬಿಟ್ಟರೆ, ಮೊದಲು ಅದರ ಮೈಯಿಂದ, ವಿಶೇಷವಾಗಿ ಪಟ್ಟೆಗಳ ಸಂದುಗಳಿಂದ, ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತವೆ. ಅಂಚುಗಳು ಮಸುಕಾಗಿ, ಬಿಳಿಯ ಜೇಡಿ ನೀರಿನಲ್ಲಿ ಹೊಗೆಯಾಡಿದಂತೆ ಹರಡಿ, ಕಾಗೆಬಂಗಾರದ ಪಟ್ಟೆಯಿರುವಲ್ಲಿ ತುಂಡು ಮೊದಲು ಸೀಳುತ್ತದೆ. ಬೆಣಚಿನ ಹರಳುಗಳು ಒಂದೊಂದಾಗಿ ತಳಕ್ಕೆ ಉದುರುತ್ತವೆ. ಸಾಕಷ್ಟು ಶಿಥಿಲವಾದ ತುಂಡಾಗಿದ್ದರೆ ಅದು ಗುಡ್ಡೆಯಾಗಿ ಕುಳಿತುಬಿಡಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಹೊರಗಿನ ಭಾರವೇ ಇಲ್ಲದೆ ನಡೆಯುವ ಈ ಕುಸಿತದಲ್ಲಿ, ಭಾರದ ಅಡಿಯಲ್ಲಿ ನಡೆಯುವ ಆರ್ದ್ರ ವಿರೂಪಣದ ಎಲ್ಲ ಕಾರಣಗಳೂ ಸೇರಿಕೊಂಡಿವೆ.

ಅವುಗಳಲ್ಲಿ ಮೊದಲನೆಯದು ಸೆಳೆತದ ನಾಶ: ರಂಧ್ರಗಳು ತುಂಬಿದೊಡನೆ ಕಣಗಳನ್ನು ಹಿಡಿದಿದ್ದ ಮೇಲ್ಮೈ ಬಿಗಿತ ಇಲ್ಲವಾಗುತ್ತದೆ. ಎರಡನೆಯದು, ಒಳನುಗ್ಗುವ ನೀರಿನ ಮುಂದೆ ಸಿಕ್ಕಿಬಿದ್ದ ಗಾಳಿ ಅದುಮಿಕೊಂಡು ಒಳಗಿನಿಂದ ಒತ್ತುವುದು. ಗುಳ್ಳೆಗಳು ಇದರ ಕುರುಹು. ಮೂರನೆಯದು ಜೇಡಿಯ ಉಬ್ಬುವಿಕೆ. ಕೆಯೊಲಿನ್ ಹೆಚ್ಚಾಗಿರುವ ನೈಸಿನಲ್ಲಿ ಇದು ಅಲ್ಪ. ಸ್ಮೆಕ್ಟೈಟ್ ಇರುವ ಡಾಲರೈಟಿನ ಶಿಥಿಲದಲ್ಲಿ ಅಧಿಕ. ನಾಲ್ಕನೆಯದು ರಂಧ್ರಜಲದ ಒತ್ತಡ. ಟೆರ್ಜಾಗಿ 1920ರ ದಶಕದಲ್ಲಿ ಸ್ಥಾಪಿಸಿದ ತತ್ತ್ವದಂತೆ, ಮೇಲಿನಿಂದ ಬೀಳುವ ಒಟ್ಟು ಪೀಡನದಲ್ಲಿ ನೀರು ಹೊತ್ತ ಭಾಗವನ್ನು ಕಳೆದು ಉಳಿದದ್ದು ಮಾತ್ರ ಕಣಗಳನ್ನು ಒಂದಕ್ಕೊಂದು ಒತ್ತಿ ಘರ್ಷಣೆಯನ್ನುಂಟುಮಾಡುತ್ತದೆ. ಬೆಟ್ಟದ ಮಗ್ಗುಲಿನೊಳಗೆ ನೀರಿನ ಮಟ್ಟ ಏರಿದಾಗ ಬೆಟ್ಟದ ತೂಕ ಹೆಚ್ಚಿದರೂ ಅದನ್ನು ಹಿಡಿದು ನಿಲ್ಲಿಸುವ ಘರ್ಷಣೆ ಕಡಿಮೆಯಾಗುತ್ತದೆ.

ಐದನೆಯ ಕಾರಣ ಇವೆಲ್ಲಕ್ಕಿಂತ ಸೂಕ್ಷ್ಮ. ಕಾಲಕ್ಕೂ ನೀರಿಗೂ ಇರುವ ಸಂಬಂಧವನ್ನು ಬಿಡಿಸಿ ತೋರಿಸುವುದು ಇದೇ. ಬೆಣಚು ಮತ್ತು ಫೆಲ್ಡ್‌ಸ್ಪಾರುಗಳಲ್ಲಿ ಸಿಲಿಕಾನ್ ಪರಮಾಣುಗಳನ್ನು ಆಕ್ಸಿಜನ್ ಪರಮಾಣುಗಳು ಸೇತುವೆಯಾಗಿ ಕೂಡಿಸಿರುತ್ತವೆ. ಬಿರುಕಿನ ತುದಿಯಲ್ಲಿ ಪೀಡನದಿಂದ ಎಳೆತಕ್ಕೊಳಗಾದ ಈ ಬಂಧಕ್ಕೆ ನೀರಿನ ಅಣುವೊಂದು ತಲಪಿದರೆ, ಬಂಧ ಕಡಿದು ಎರಡು ತುದಿಗಳೂ ಹೈಡ್ರಾಕ್ಸಿಲ್ ಗುಂಪುಗಳಾಗಿ ಮುಚ್ಚಿಕೊಳ್ಳುತ್ತವೆ. ಹೀಗೆ, ಒಣಸ್ಥಿತಿಯಲ್ಲಿ ಮುಂದುವರಿಯಲಾರದ ಬಿರುಕು ನೀರಿದ್ದಾಗ ಅದೇ ಭಾರದಲ್ಲಿ ಒಂದೊಂದೇ ಬಂಧವನ್ನು ಕಡಿದುಕೊಂಡು ಮುಂದೆ ಸಾಗುತ್ತದೆ. ದ್ರವಗಳು ಘನವಸ್ತುವಿನ ಮೇಲ್ಮೈ ಶಕ್ತಿಯನ್ನು ತಗ್ಗಿಸಿ ಅದನ್ನು ದುರ್ಬಲಗೊಳಿಸುವುದನ್ನು ರೆಬಿಂದರ್ 1928ರಲ್ಲಿ ಗುರುತಿಸಿದ್ದನು. ನೆನೆದ ಶಿಲೆಯ ದ್ವಿತೀಯಾವಸ್ಥೆಯ ವೇಗ ಒಣಶಿಲೆಯದರ ಹತ್ತು ಪಟ್ಟಿಗೂ ಮೀರಬಲ್ಲುದಾಗಿರುವುದೂ, ದೀರ್ಘಕಾಲಿಕ ಬಲ ಇನ್ನಷ್ಟು ಕೆಳಗಿಳಿಯುವುದೂ ಇಂತಹ ಕ್ರಿಯೆಗಳು ಒಟ್ಟುಗೂಡಿದ್ದರ ಫಲ. ಜೇಡಿ ಹೆಚ್ಚಿರುವ ಮೃದುಶಿಲೆಗಳು ನೆನೆದಾಗ ತಮ್ಮ ಒಣಬಲದ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಳ್ಳುವುದು ಅಪರೂಪವಲ್ಲ.

ನೆನೆತ ಮತ್ತು ಒಣಗುವಿಕೆಯ ಸರದಿ

ಈ ಸೀಮೆಯ ಬಯಲಿನಲ್ಲಿ ವರ್ಷಕ್ಕೆ ಸುಮಾರು 700ರಿಂದ 800 ಮಿಲಿಮೀಟರ್ ಮಳೆಯಾಗುತ್ತದೆ; ಬಿಳಿಗಿರಿಯ ನೆತ್ತಿಯಲ್ಲಿ ಅದಕ್ಕಿಂತ ಬಹಳ ಹೆಚ್ಚು. ಮಲೆನಾಡಿನಂತೆ ಜೂನ್, ಜುಲೈಗಳಲ್ಲಿ ಸುರಿದು ಮುಗಿಯುವ ಮಳೆಯಲ್ಲ ಇದು. ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರ್ ಮತ್ತು ಅಕ್ಟೋಬರ್‌ಗಳಲ್ಲಿ ಮತ್ತೊಮ್ಮೆ ಬಲವಾಗಿ ಬಂದು, ನಡುವೆ ಬಿಸಿಲಿಗೆ ಅವಕಾಶ ಕೊಡುವ ಮಳೆ. ಸದಾ ಒಣಗಿರುವ ಅಥವಾ ಸದಾ ನೆನೆದಿರುವ ಶಿಲೆಗಿಂತಲೂ ಸರದಿಯಾಗಿ ನೆನೆದು ಒಣಗುವ ಶಿಲೆ ಬೇಗ ಹಾಳಾಗುವುದೆಂಬುದು ಪ್ರಯೋಗಗಳಿಂದ ಸ್ಥಿರಪಟ್ಟಿರುವುದರಿಂದ, ವರ್ಷಕ್ಕೆ ಎರಡು ಸಲವಾದರೂ ನಡೆಯುವ ಈ ಸರದಿಯನ್ನೇ ಇಲ್ಲಿನ ಮೃದುಶಿಲೆಯ ಮೇಲಿನ ಮುಖ್ಯ ಭಾರವೆಂದು ತಿಳಿಯಬೇಕು. ನೆನೆದಾಗ ಉಬ್ಬಿ, ಒಣಗಿದಾಗ ಬಿರಿದು, ಆ ಬಿರುಕಿನಲ್ಲಿ ಮುಂದಿನ ಮಳೆಯ ನೀರು ಇನ್ನಷ್ಟು ಆಳಕ್ಕಿಳಿಯುತ್ತದೆ. ಒಂದೊಂದು ಸರದಿಯಲ್ಲಿ ಆದ ವಿಕೃತಿಯ ಒಂದಂಶ ಹಿಂದಿರುಗದೆ ಉಳಿಯುತ್ತದೆ. ಇಳಿಜಾರಿನಲ್ಲಿ ಉಬ್ಬುವಿಕೆ ಮೇಲ್ಮೈಗೆ ಲಂಬವಾಗಿಯೂ ಇಳಿಯುವಿಕೆ ನೆಲದ ಸೆಳೆತದ ದಿಕ್ಕಿನಲ್ಲಿಯೂ ಆಗುವುದರಿಂದ, ಪದರ ವರ್ಷಕ್ಕೆ ಕೆಲವು ಮಿಲಿಮೀಟರುಗಳಂತೆ ಕೆಳಕ್ಕೆ ಜರುಗುವುದುಂಟು. ಬುಡದಲ್ಲಿ ಬಾಗಿ ಮೇಲೆ ನೇರವಾದ ಮರಗಳೂ, ಓರೆಯಾದ ಬೇಲಿಗಂಬಗಳೂ, ಹೊಟ್ಟೆಬಿಟ್ಟ ತಡೆಗೋಡೆಗಳೂ ಇದರ ಲಕ್ಷಣಗಳು.

ಪ್ರಭೇದಗಳು

ಕರ್ನಾಟಕದ ಮೃದುಶಿಲೆಗಳೆಲ್ಲ ನೀರಿಗೆ ಒಂದೇ ರೀತಿ ವರ್ತಿಸುವುದಿಲ್ಲ. ಹೊಯ್ಸಳರ ದೇಗುಲಗಳಿಗೆ ಬಳಸಿದ ಬಳಪದ ಕಲ್ಲು ಮೃದುವಾಗಿರುವುದು ಅದರ ಖನಿಜವಾದ ಟಾಲ್ಕಿನ ಸ್ವಭಾವದಿಂದಲೇ ಹೊರತು ಕೊಳೆತದ್ದರಿಂದಲ್ಲ. ಅದರಲ್ಲಿ ರಂಧ್ರಗಳು ಅತ್ಯಲ್ಪವಾದುದರಿಂದ ನೆನೆದು ಕುಸಿಯುವುದಿಲ್ಲ. ಕರಾವಳಿಯ ಮುರಕಲ್ಲು ನೆಲದೊಳಗೆ ತೇವವಾಗಿದ್ದಾಗ ಸುಲಭವಾಗಿ ಕಡಿಯಲು ಬಂದು, ಹೊರತೆಗೆದು ಒಣಗಿಸಿದಾಗ ಗಟ್ಟಿಯಾಗುತ್ತದೆ. ಬೀದರಿನಲ್ಲಿ ಇದೇ ಜಾತಿಯ ಕಲ್ಲಿನೊಳಗೆ ಬಹಮನಿಗಳ ಕಾಲದಲ್ಲಿ ಕೊರೆದ ಕರೇಜ್ ಎಂಬ ನೀರಿನ ಸುರಂಗಗಳು ಇಂದಿಗೂ ಉಳಿದಿವೆ. ಕೊಳ್ಳೇಗಾಲ, ಯಳಂದೂರುಗಳ ಎರೆಭೂಮಿಯಲ್ಲಿ ಗಂಟುಗಂಟಾಗಿ ದೊರೆಯುವ ಸುಣ್ಣಕಲ್ಲು ನೀರಿನಲ್ಲಿ ಬಹು ನಿಧಾನವಾಗಿ ಕರಗತಕ್ಕದ್ದು. ಶಿಥಿಲ ನೈಸ್ ಮತ್ತು ಚಾರ್ನಕೈಟುಗಳು ಇವೆಲ್ಲಕ್ಕಿಂತ ನೀರಿಗೆ ಬೇಗ ಸೋಲುತ್ತವೆ.

ಪರೀಕ್ಷಾವಿಧಾನಗಳು

ಮಂದವಿರೂಪಣವನ್ನು ಅಳೆಯಲು ಒಂದೇ ಬಂಡೆಯಿಂದ ತೆಗೆದ ಜೋಡಿ ಸಿಲಿಂಡರುಗಳಲ್ಲಿ ಒಂದನ್ನು ಒಲೆಯಲ್ಲಿ ಒಣಗಿಸಿ, ಇನ್ನೊಂದನ್ನು ನೀರಿನಿಂದ ಪೂರ್ಣವಾಗಿ ತುಂಬಿಸಿ, ಸ್ಥಿರಭಾರದಡಿಯಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಇರಿಸುತ್ತಾರೆ. ಭಾರವನ್ನು ಮೆಟ್ಟಿಲುಮೆಟ್ಟಿಲಾಗಿ ಏರಿಸುವುದು ರೂಢಿ. ಶಿಥಿಲಶಿಲೆಯಲ್ಲಿ ಸಿಲಿಂಡರನ್ನು ಕೊರೆಯುವಾಗಲೇ ಅದು ಪುಡಿಯಾಗುವುದರಿಂದ, ಗಟ್ಟಿಯಾದ ಭಾಗಗಳ ಮಾದರಿಗಳೇ ಪ್ರಯೋಗಶಾಲೆಯನ್ನು ತಲಪುವ ಸಂಭವ ಹೆಚ್ಚು. ಫಲಿತಾಂಶಗಳನ್ನು ಬಳಸುವವರು ಇದನ್ನು ನೆನಪಿನಲ್ಲಿಡಬೇಕು.

ಇದಕ್ಕಿಂತ ಸುಲಭವಾದದ್ದು ನೀರುತಾಳಿಕೆಯ ಪರೀಕ್ಷೆ. ಫ್ರಾಂಕ್ಲಿನ್ ಮತ್ತು ಚಂದ್ರ 1972ರಲ್ಲಿ ವಿವರಿಸಿದ, ಭಾರತೀಯ ಮಾನಕಗಳಲ್ಲಿ ಐ.ಎಸ್. 10050 ಎಂಬ ಸಂಖ್ಯೆಯುಳ್ಳ ಈ ಪರೀಕ್ಷೆಯಲ್ಲಿ, ತಲಾ 40ರಿಂದ 60 ಗ್ರಾಂ ತೂಗುವ ಹತ್ತು ಒಣತುಂಡುಗಳನ್ನು 2 ಮಿಲಿಮೀಟರ್ ಕಣ್ಣಿನ ಜಾಲರಿಯ ಪೀಪಾಯಿಯಲ್ಲಿಟ್ಟು, ಅರ್ಧ ನೀರಿನಲ್ಲಿ ಮುಳುಗಿಸಿ, ಹತ್ತು ನಿಮಿಷಗಳಲ್ಲಿ 200 ಸುತ್ತು ತಿರುಗಿಸಿ, ಒಣಗಿಸಿ ತೂಗುತ್ತಾರೆ. ಎರಡನೆಯ ಸರದಿಯ ಬಳಿಕ ಉಳಿದ ತೂಕದ ಶೇಕಡಾವಾರು ಆ ಶಿಲೆಯ ಸೂಚ್ಯಂಕ.

ಅನ್ವಯ

ರಸ್ತೆ, ಬಾವಿ, ಕ್ವಾರಿ, ಕಟ್ಟೆ ಈ ನಾಲ್ಕರಲ್ಲಿಯೂ ಈ ಜ್ಞಾನ ನೇರವಾಗಿ ಬಳಕೆಗೆ ಬರುತ್ತದೆ. ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಏರುವ ಸುಮಾರು 24 ಕಿಲೋಮೀಟರ್ ರಸ್ತೆಯೂ, ಹನೂರು, ಕೌದಳ್ಳಿಗಳನ್ನು ದಾಟಿ ತಾಳಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ತಿರುವುಗಳಲ್ಲಿ ಏರುವ ರಸ್ತೆಯೂ ಶಿಥಿಲಶಿಲೆಯ ಮಗ್ಗುಲುಗಳನ್ನು ಕಡಿದು ಮಾಡಿದಂಥವು. ಕಡಿದ ಮಗ್ಗುಲು ಒಣಗಿರುವಾಗ ನಿಲ್ಲುವ ಕೋನವನ್ನು ನೋಡಿ ಅದೇ ಸುರಕ್ಷಿತವೆಂದು ನಿರ್ಣಯಿಸುವುದು ತಪ್ಪು. ನೆನೆದ ಸ್ಥಿತಿಯ ದೀರ್ಘಕಾಲಿಕ ಬಲವೇ ಲೆಕ್ಕಕ್ಕೆ ಆಧಾರವಾಗತಕ್ಕದ್ದು. ತಡೆಗೋಡೆಗಳಲ್ಲಿ ನೀರು ಹೊರಬರಲು ಬಿಟ್ಟ ತೂತುಗಳು ಮುಚ್ಚಿಹೋದರೆ ಗೋಡೆ ಕಲ್ಲನ್ನಲ್ಲದೆ ನೀರನ್ನೂ ಹೊರಬೇಕಾಗುತ್ತದೆ. ದೀಪಾವಳಿ, ಶಿವರಾತ್ರಿ, ಯುಗಾದಿಗಳ ಜಾತ್ರೆಗೆ ಮಹದೇಶ್ವರ ಬೆಟ್ಟಕ್ಕೆ ಬರುವ ಅಪಾರ ಜನಸಮೂಹದಲ್ಲಿ ದೀಪಾವಳಿಯದು ಹಿಂಗಾರು ಮಳೆಯ ಬೆನ್ನಿಗೇ ಬೀಳುವುದರಿಂದ, ಈ ಮಾತಿಗೆ ಅಲ್ಲಿ ವಿಶೇಷ ಮಹತ್ತ್ವವಿದೆ.

ತೆರೆದ ಬಾವಿಗಳಲ್ಲಿ ಗರಸು ಮತ್ತು ಶಿಥಿಲಶಿಲೆಯ ಭಾಗಕ್ಕೆ ಮಾತ್ರ ಕಲ್ಲು ಕಟ್ಟಿ ಬಂಡೆಯ ಭಾಗವನ್ನು ಹಾಗೆಯೇ ಬಿಡುವ ಹಳೆಯ ಪದ್ಧತಿ ಈ ದೃಷ್ಟಿಯಿಂದ ಸಮರ್ಪಕವಾದದ್ದು. ಕರಿಕಲ್ಲಿನ ಕ್ವಾರಿಗಳಲ್ಲಿ ಮೇಲ್ಪದರವನ್ನು ನೆಟ್ಟಗೆ ಕಡಿಯದೆ ಮೆಟ್ಟಿಲಾಗಿ ಹಿಂದಕ್ಕೆ ಸರಿಸಬೇಕಾದದ್ದೂ, ಕೈಬಿಟ್ಟ ಕ್ವಾರಿಯಲ್ಲಿ ನೀರು ನಿಂತ ಮೇಲೆ ಅದರ ಅಂಚು ವರ್ಷಗಳ ತರುವಾಯವೂ ಕುಸಿಯಬಲ್ಲುದೆಂಬುದೂ ಇದೇ ಕಾರಣದಿಂದ. ಕೊಳ್ಳೇಗಾಲದ ಗುಂಡಾಲ್, ಹನೂರಿನ ಉಡುತೊರೆಹಳ್ಳ ಮುಂತಾದ ಜಲಾಶಯಗಳ ದಂಡೆಗಳಲ್ಲಿ ನೀರಿನ ಮಟ್ಟ ಏರಿಳಿಯುವುದರಿಂದ ನೆನೆತದ ಸರದಿ ಮಳೆಯನ್ನು ಕಾಯದೆ ನಡೆಯುತ್ತದೆ. ಇಟಲಿಯ ವಯಾಂತ್ ಜಲಾಶಯದ ಮೇಲಿನ ಪರ್ವತದ ಮಗ್ಗುಲು, ನೀರು ತುಂಬಿಸತೊಡಗಿದಂದಿನಿಂದ ಸುಮಾರು ಮೂರು ವರ್ಷ ಮಂದವಾಗಿ ಸರಿಯುತ್ತಿದ್ದು, 1963ರ ಅಕ್ಟೋಬರ್ 9ರಂದು ಸುಮಾರು 27 ಕೋಟಿ ಘನಮೀಟರ್ ಶಿಲೆಯೊಡನೆ ಒಮ್ಮೆಗೇ ಜಾರಿ, ಎದ್ದ ಅಲೆಗೆ ಸುಮಾರು 2,000 ಜನ ಬಲಿಯಾದರು. ಇಲ್ಲಿನ ಸಣ್ಣ ಜಲಾಶಯಗಳಿಗೆ ಆ ಪ್ರಮಾಣದ ಅಪಾಯವಿಲ್ಲ. ಮಂದಗತಿ ವೇಗವಾಗಿ ತಿರುಗುವ ಕ್ರಮ ಮಾತ್ರ ಎಲ್ಲೆಡೆಯೂ ಒಂದೇ.

ಪ್ರಸ್ತುತ ಸ್ಥಿತಿ

ಶಿಲಾಬಲವಿಜ್ಞಾನದ ರಾಷ್ಟ್ರೀಯ ಸಂಸ್ಥೆ 1988ರಲ್ಲಿ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಸ್ಥಾಪಿತವಾದಾಗ ಅದರ ಮುಂದಿದ್ದ ಮುಖ್ಯ ಸಮಸ್ಯೆ ಆಳದ ಗಟ್ಟಿ ಬಂಡೆ ಸಿಡಿಯುವುದಾಗಿತ್ತು. ಅನಂತರ ಬೆಂಗಳೂರು ಮೆಟ್ರೋದ ಸುರಂಗಗಳಲ್ಲಿ ಅರ್ಧ ಶಿಥಿಲಮಣ್ಣು, ಅರ್ಧ ಗಟ್ಟಿ ಬಂಡೆಯಾಗಿ ಎದುರಾದ ನೆಲವೂ, 2018ರ ಆಗಸ್ಟಿನಲ್ಲಿ ಕೊಡಗಿನ ಶಿಥಿಲ ನೈಸಿನ ಬೆಟ್ಟಗಳು ಕುಸಿದದ್ದೂ, 2024ರ ಜುಲೈ 16ರಂದು ಉತ್ತರ ಕನ್ನಡದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜಾರಿದ್ದೂ ಮೃದುಶಿಲೆಯ ಕಡೆಗೆ ರಾಜ್ಯದ ಗಮನವನ್ನು ತಿರುಗಿಸಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ 2014ರಿಂದ ಭೂಕುಸಿತ ಸಂಭಾವ್ಯ ಪ್ರದೇಶಗಳ ರಾಷ್ಟ್ರೀಯ ನಕ್ಷೆಯನ್ನು ಸಿದ್ಧಪಡಿಸುವ ಕಾರ್ಯವನ್ನು ಕೈಗೊಂಡಿತು. 2025ರ ಜುಲೈ 30ರಂದು ಶ್ರೀಹರಿಕೋಟೆಯಿಂದ ಹಾರಿದ ನಿಸಾರ್ ಉಪಗ್ರಹದ ರೇಡಾರ್, ನೆಲದ ಅತ್ಯಲ್ಪ ಚಲನೆಯನ್ನು ಹನ್ನೆರಡು ದಿನಗಳಿಗೊಮ್ಮೆ ಮರಳಿ ನೋಡಿ ಅಳೆಯತಕ್ಕದ್ದಾದುದರಿಂದ, ಕಾಡು ಮುಚ್ಚಿದ ಇಳಿಜಾರುಗಳ ಮಂದವಿರೂಪಣವನ್ನೂ ದೂರದಿಂದ ಗುರುತಿಸುವ ಸಾಧ್ಯತೆ ಒದಗಿದೆ.

ಕೊಳ್ಳೇಗಾಲ, ಹನೂರು, ಯಳಂದೂರುಗಳಲ್ಲಿ ಮಳೆಯ ಪ್ರಮಾಣ ಕಡಿಮೆಯಾದುದರಿಂದ ಕೊಡಗಿನಂತಹ ವ್ಯಾಪಕ ಕುಸಿತದ ಸಂಭವ ಅಲ್ಪ. ಘಟ್ಟದ ರಸ್ತೆಗಳ ಕಡಿದ ಮಗ್ಗುಲು, ಕೈಬಿಟ್ಟ ಕ್ವಾರಿಯ ಅಂಚು, ಕಲ್ಲು ಕಟ್ಟದ ಬಾವಿ ಇವು ಮೂರೇ ಇಲ್ಲಿನ ಮುಖ್ಯ ಅಪಾಯಸ್ಥಾನಗಳು. ಇವುಗಳಲ್ಲಿ ಬಿರುಕಿನ ಎರಡು ದಡಗಳಿಗೂ ಗೂಟ ಹೊಡೆದು, ಅವುಗಳ ಅಂತರವನ್ನು ಮೇ ತಿಂಗಳ ಮಳೆಗೆ ಮೊದಲೂ ಹಿಂಗಾರು ಮುಗಿದ ಮೇಲೂ ಅಳತೆಪಟ್ಟಿಯಿಂದ ಅಳೆದು ಬರೆದಿಡುವುದು ಯಾವ ಗ್ರಾಮಪಂಚಾಯತಿಗೂ ಸಾಧ್ಯವಾದ ಕೆಲಸ. ಒಂದು ವರ್ಷದ ಅಂತರ ಹಿಂದಿನ ವರ್ಷದ್ದಕ್ಕಿಂತ ಹೆಚ್ಚು ಬೇಗ ಬೆಳೆದಿದ್ದರೆ ಆ ಮಗ್ಗುಲು ತೃತೀಯಾವಸ್ಥೆಗೆ ಕಾಲಿಟ್ಟಿರಬಹುದೆಂದು ತಿಳಿದು ಅದರಡಿಯ ಸಂಚಾರವನ್ನು ನಿಲ್ಲಿಸತಕ್ಕದ್ದು.